ಕೊಡಗಿನ ಬಾಡಿಗೆ ಮನೆಯಲ್ಲಿ ಮುಗ್ಗಲು ವಾಸನೆ: ನೀರಿನ ಮೂಲ ಹಿಡಿಯುವುದರಿಂದ ಅಡ್ವಾನ್ಸ್ ವಾಪಸ್ ಪಡೆಯುವವರೆಗೆ

ಮನೆ ಮುಗ್ಗಲು ಹಿಡಿದಿದೆ ಎಂದು ಹೇಳಿಕೊಂಡರೆ ಮೈಸೂರು, ಬೆಂಗಳೂರಿನ ನೆಂಟರು ಕೊಡುವ ಸಲಹೆ ಒಂದೇ: ಕಿಟಕಿ ತೆರೆದಿಡಿ, ಗಾಳಿ ಬೆಳಕು ಆಡಲಿ. ಜುಲೈ ತಿಂಗಳ ಮಡಿಕೇರಿಯಲ್ಲಿ ದಿನವಿಡೀ ಹಾಗೆ ಮಾಡಿದರೆ ಮಂಜು ನೇರವಾಗಿ ಹಾಸಿಗೆಯ ಮೇಲೆ ಬಂದು ಕೂರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿದುಹೋಗುವ ಊರಿಗೆ ಬಯಲುಸೀಮೆಯ ಉಪಾಯಗಳು ಅರ್ಧ ಮಾತ್ರ ಹೊಂದುತ್ತವೆ. ಜೊತೆಗೆ ಮನೆ ನಮ್ಮದಲ್ಲ. ಮಾಡು (ಮೇಲ್ಛಾವಣಿ) ಬಿಚ್ಚಿಸುವಂತಿಲ್ಲ, ಗೋಡೆ ಕೆತ್ತಿಸುವಂತಿಲ್ಲ, ಹನ್ನೊಂದು ತಿಂಗಳ ಕರಾರಿನ ಮನೆಗೆ ಲಕ್ಷ ಸುರಿಯುವವರೂ ಇಲ್ಲ.

ಆದ್ದರಿಂದ ಗುರಿಯನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು ಜಾಣತನ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಡೀ ಮನೆಯನ್ನು ಒಣಗಿಸುವ ಹಟ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಿರಿ, ನಾವೇ ಮನೆಯೊಳಗೆ ಬಿಡುತ್ತಿರುವ ನೀರನ್ನು ಕಡಿಮೆ ಮಾಡಿ, ಒಂದು ಕೋಣೆಯನ್ನು ಮಾತ್ರ ಕಟ್ಟುನಿಟ್ಟಾಗಿ ಒಣಗಿಸಿಟ್ಟುಕೊಳ್ಳಿ. ಉಳಿದದ್ದು ಮಾಲೀಕರ ಕೆಲಸ, ಅದಕ್ಕೆ ಬೇರೆ ಕಾಲವಿದೆ.

ಮನೆ ನೋಡಲು ಹೋದಾಗಲೇ ಶುರು

ಕೊಡಗಿನಲ್ಲಿ ಬಾಡಿಗೆ ಮನೆ ನೋಡಲು ಅತ್ಯಂತ ಮೋಸದ ತಿಂಗಳು ಫೆಬ್ರವರಿ. ಬಿಸಿಲು ಚೆನ್ನಾಗಿರುತ್ತದೆ, ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಹೊಡೆದಿರುತ್ತಾರೆ. ಆಗಲೂ ಮನೆ ತನ್ನ ಮಳೆಗಾಲದ ಕಥೆಯನ್ನು ಪೂರ್ತಿ ಮುಚ್ಚಿಡಲಾರದು. ಗೋಡೆಗೆ ಸೇರಿಸಿ ಕಟ್ಟಿದ ಕಪಾಟಿನ ಬಾಗಿಲು ತೆರೆದು ತಲೆ ಒಳಗೆ ಹಾಕಿ ಮೂಸಿ. ಬಣ್ಣ ಹೊಡೆಯುವವರು ಅಲ್ಲಿಯವರೆಗೆ ಹೋಗಿರುವುದಿಲ್ಲ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಏಕೆಂದು ಕೇಳಿ. ನೆಲದಿಂದ ಎರಡು ಮೂರು ಅಡಿಯ ಎತ್ತರದಲ್ಲಿ ಗಾರೆ ಉಬ್ಬಿದೆಯೇ, ಬಿಳಿ ಉಪ್ಪು ಎದ್ದಿದೆಯೇ ನೋಡಿ. ಸ್ವಿಚ್ ಬೋರ್ಡಿನ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ ಆ ಗೋಡೆ ಒದ್ದೆಯಾಗುತ್ತದೆ ಎಂದೇ ತಿಳಿಯಿರಿ.

ಆಮೇಲೆ ಹೊರಗೆ ಒಂದು ಸುತ್ತು ಬನ್ನಿ. ನೈರುತ್ಯ ಮತ್ತು ಪಶ್ಚಿಮದ ಗೋಡೆಗಳ ಮೇಲೆ ಹಸಿರು ಪಾಚಿಯ ಕಲೆ, ಸೂರಿನ ಕೆಳಗೆ ಸಾಲಾಗಿ ಹೊಡೆದ ಮೊಳೆ ಅಥವಾ ಕೊಕ್ಕೆಗಳಿದ್ದರೆ ಮಳೆಗಾಲದಲ್ಲಿ ಅಲ್ಲಿ ಟಾರ್ಪಾಲು ಕಟ್ಟುತ್ತಾರೆ ಎಂದರ್ಥ. ಅದು ದೋಷವಲ್ಲ, ಇರಿಚಲು ಬಡಿಯುವ ಗೋಡೆಗೆ ಟಾರ್ಪಾಲು ಕಟ್ಟುವ ಮಾಲೀಕರು ಕಟ್ಟದವರಿಗಿಂತ ವಾಸಿ. ಈ ವರ್ಷವೂ ಕಟ್ಟುವವರು ಯಾರು ಎಂಬುದನ್ನು ಮಾತ್ರ ಆಗಲೇ ಕೇಳಿಟ್ಟುಕೊಳ್ಳಿ.

ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಹಿಂದಿನ ಬರೆಯ, ಅಂದರೆ ಕಡಿದು ನಿಲ್ಲಿಸಿದ ಗುಡ್ಡದ ಮಣ್ಣಿನ, ಕಡೆ ಹೋಗಲೇಬೇಕು. ಬರೆಗೂ ಗೋಡೆಗೂ ನಡುವೆ ಮನುಷ್ಯ ನಡೆಯುವಷ್ಟು ಜಾಗ ಮತ್ತು ನೀರು ಹರಿದುಹೋಗುವ ಚರಂಡಿ ಇದ್ದರೆ ಸರಿ. ಮನೆಯ ಗೋಡೆಯೇ ತಡೆಗೋಡೆಯಾಗಿ ಮಣ್ಣನ್ನು ಹೊತ್ತು ನಿಂತಿದ್ದರೆ ಆ ಕೋಣೆ ವರ್ಷದಲ್ಲಿ ಆರು ತಿಂಗಳು ಒಸರುತ್ತದೆ. ಒಳಗಿನಿಂದ ಎಂಥ ದುಬಾರಿ ಬಣ್ಣ ಬಳಿದರೂ ನಿಲ್ಲುವುದಿಲ್ಲ. ಅಂಥ ಮನೆಯನ್ನು ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ಮಾತು. ಕೆಲಸದ ಜಾಗ ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಎಲ್ಲೋ ಇದ್ದರೆ ಊರನ್ನೂ ಆರಿಸಿಕೊಳ್ಳಬಹುದು. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಅಷ್ಟು ಇಳಿಯುವುದರೊಳಗೆ ಮಳೆ ಮೂರನೇ ಒಂದರಷ್ಟಕ್ಕೆ ಇಳಿದಿರುತ್ತದೆ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಬಸ್ಸಿನ ಆ ಮುಕ್ಕಾಲು ಗಂಟೆ ಯಾವ ಯಂತ್ರಕ್ಕಿಂತಲೂ ಅಗ್ಗದ ಪರಿಹಾರ.

ವಾಸನೆ ಯಾವುದು, ನೀರು ಎಲ್ಲಿಯದು

ವಾಸನೆ ಬಂದ ಕೂಡಲೇ ಊದುಬತ್ತಿ ಹಚ್ಚುವುದಕ್ಕೆ ಮೊದಲು ಮೂಗನ್ನು ಕೆಲಸಕ್ಕೆ ಹಚ್ಚಿ. ಒಳಗೇ ಕುಳಿತಿದ್ದರೆ ಮೂಗು ಒಗ್ಗಿಹೋಗುತ್ತದೆ. ಅರ್ಧ ಗಂಟೆ ಹೊರಗೆ ಹೋಗಿ ಬಂದು, ಬಾಗಿಲು ತೆರೆದ ಮೊದಲ ಕ್ಷಣದಲ್ಲಿ ಎಲ್ಲಿ ಹೆಚ್ಚು ಎಂದು ಗಮನಿಸಿ.

ಹಳೆಯ ಪುಸ್ತಕ, ಒದ್ದೆ ಗೋಣಿಚೀಲದಂಥ ವಾಸನೆ ಬೂಷ್ಟಿನದು. ಬಚ್ಚಲಿನ ಬಳಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಚರಂಡಿಯ ಗಾಳಿ. ಬಳಸದೆ ಬಿಟ್ಟ ಬಚ್ಚಲಿನ ಜಾಲರಿಯ ಕೆಳಗೆ ನಿಲ್ಲಬೇಕಾದ ನೀರು ಆರಿಹೋಗಿರುತ್ತದೆ, ಎರಡು ಚೊಂಬು ನೀರು ಹೊಯ್ದರೆ ನಿಲ್ಲುತ್ತದೆ. ಹೆಂಚಿನ ಮನೆಯ ಅಟ್ಟದಿಂದ ಖಾರವಾದ ಘಾಟು ಇಳಿಯುತ್ತಿದ್ದರೆ ಬಾವಲಿ ಅಥವಾ ಇಲಿ. ಪಕ್ಕದ ಕೋಣೆಯಲ್ಲಿ ಮಾಲೀಕರು ಕಾಫಿ ಚೀಲಗಳನ್ನು ಪೇರಿಸಿದ್ದರೆ ಅದಕ್ಕೂ ಒಂದು ಹುಳಿ ಬೆರೆತ ವಾಸನೆ ಇರುತ್ತದೆ. ಕಾಫಿ ಬೀಜದ ತೇವ ಅಳೆಯಲು ಸಾವಿರಾರು ರೂಪಾಯಿಯ ಮಾಪಕ ಇಟ್ಟುಕೊಳ್ಳುವ ಜಿಲ್ಲೆಯಲ್ಲಿ ಮಲಗುವ ಕೋಣೆಯ ತೇವ ಅಳೆಯುವವರು ಸಿಗುವುದು ಅಪರೂಪ ಎಂಬುದು ನನಗೆ ಇನ್ನೂ ಸೋಜಿಗ.

ಕೋಣೆಯ ತೇವ ಅಳೆಯುವ ಮಾಪಕ ದುಬಾರಿಯೇನಲ್ಲ. ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತಿಲ್ಲವೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಂತೆ ಕೆಲವು ಹನಿ ನೀರಿನಿಂದ ಒದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ಶೇಕಡಾ 75ರ ಆಸುಪಾಸು ತೋರಿಸಬೇಕು. 70 ತೋರಿಸಿದರೆ ಮುಂದೆ ಪ್ರತಿ ಸಲ ಐದು ಸೇರಿಸಿ ಓದಿಕೊಳ್ಳಿ. ಶೇಕಡಾ 60ರ ಒಳಗಿದ್ದರೆ ನೆಮ್ಮದಿ. ಗೋಡೆ ಅಥವಾ ಬಟ್ಟೆಯ ಮೈಮೇಲಿನ ತೇವಾಂಶ 80 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುವುದು ಖಚಿತ.

ಈಗ ನೀರಿನ ಮೂಲ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಗೋಡೆಗೆ ನಾಲ್ಕೂ ಬದಿ ಟೇಪು ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಗೋಡೆ ತೀರಾ ಒದ್ದೆಯಾಗಿ ಟೇಪು ಹಿಡಿಯದೇ ಹೋದರೆ ಪರೀಕ್ಷೆಯೇ ಬೇಡ, ಉತ್ತರ ಸಿಕ್ಕಿದೆ. ಹನಿಗಳು ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆ ಕೂತಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ನೀರು, ನಿಮ್ಮ ಕೈಯಲ್ಲಿರುವ ಸಮಸ್ಯೆ. ಹಾಳೆಯ ಹಿಂದೆ ಕೂತಿದ್ದರೆ ಗೋಡೆಯೇ ನೀರು ಬಿಡುತ್ತಿದೆ, ಅದು ಮಾಲೀಕರ ಸಮಸ್ಯೆ. ಈ ಒಂದು ಪರೀಕ್ಷೆಯ ಫೋಟೊ ಮುಂದೆ ಬಹಳ ವಾದ ಉಳಿಸುತ್ತದೆ.

ಗೋಡೆಯ ನೀರಾದರೆ ಕಲೆಯ ಆಕಾರ ನೋಡಿ. ನೆಲದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ಇದ್ದು ಮೇಲ್ತುದಿಯಲ್ಲಿ ಉಪ್ಪು ಕಂಡರೆ ತಳಪಾಯದಿಂದ ಏರುತ್ತಿರುವ ತೇವ. ಗೋಡೆಯ ನಡುವೆ ಅಂಕುಡೊಂಕು ಕಲೆ, ಜೋರು ಮಳೆಯ ನಂತರ ಹಿಗ್ಗಿ ಹೊಳವಾದಾಗ ಕುಗ್ಗುತ್ತಿದ್ದರೆ ಇರಿಚಲು, ಅಥವಾ ಸಿಮೆಂಟ್ ಬ್ಲಾಕಿನ ಸಂದುಗಳಲ್ಲಿ ಬಿಟ್ಟ ಬಿರುಕು. ಛಾವಣಿಯಲ್ಲಿ ಕಂದು ಅಂಚಿನ ಉಂಗುರ ಕಂಡರೆ ಸೋರಿಕೆ. ಮಳೆ ಬರಲಿ ಬಿಡಲಿ ಒಂದೇ ಸಮನೆ ಒದ್ದೆಯಿದ್ದರೆ ಪೈಪು. ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರ್ ಇದ್ದರೆ ಮುಳ್ಳು ತಿರುಗುತ್ತದೆಯೇ ನೋಡಿ.

ಕೋಣೆಯ ಮೇಲುಮೂಲೆಗಳಲ್ಲಿ, ಬೀರುವಿನ ಹಿಂದೆ, ಮಂಚದ ತಲೆದಿಕ್ಕಿನಲ್ಲಿ ಕಪ್ಪು ಚುಕ್ಕೆಗಳು ಮಾತ್ರ ಇದ್ದರೆ ಅದು ಸೋರಿಕೆಯಲ್ಲ, ತಣ್ಣನೆಯ ಗೋಡೆಯ ಮೇಲೆ ಗಾಳಿಯ ನೀರು ಇಳಿದದ್ದು.

ಕೊನೆಯದು ಜಲ, ಅಂದರೆ ನೆಲದೊಳಗಿನಿಂದಲೇ ಏಳುವ ನೀರು. ಜುಲೈ, ಆಗಸ್ಟ್‌ನಲ್ಲಿ ನೆಲದ ಸಂದಿನಿಂದ, ಹಿಂದಿನ ಗೋಡೆಯ ಬುಡದಿಂದ ತಿಳಿನೀರು ಒಸರುವುದು ಇಲ್ಲಿ ಹೊಸದಲ್ಲ. ಆದರೆ ಬರೆಯಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಗೋಡೆ ಅಥವಾ ಅಂಗಳದಲ್ಲಿ ಹೊಸ ಬಿರುಕು ಬಿಟ್ಟರೆ, ಸರಿಯಾಗಿದ್ದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳತೊಡಗಿದರೆ ಅದು ವಾಸನೆಯ ವಿಷಯವೇ ಅಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಿಂದ ಹೊರಡಿ, ಸುರಕ್ಷಿತ ಜಾಗ ತಲುಪಿದ ಮೇಲೆ ಜಿಲ್ಲಾ ಸಹಾಯವಾಣಿ 1077ಕ್ಕೆ ತಿಳಿಸಿ.

ನಾವೇ ಒಳಗೆ ಬಿಡುವ ನೀರು

ಮಳೆಯನ್ನು ಬೈಯುವಾಗ ನಮ್ಮ ಪಾಲನ್ನು ಮರೆಯುತ್ತೇವೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಅನಿಲದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿ ಮಿಗುವಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಕುದಿಯುವ ಅನ್ನ, ಸಾರಿನ ಹಬೆ, ಅಕ್ಕಿ ಉಂಡೆಯ ಕಡಂಬುಟ್ಟು ಬೇಯಿಸುವ ಹಬೆ ಇದಕ್ಕೆ ಸೇರಿಲ್ಲ. ನಾಲ್ವರು ರಾತ್ರಿಯಿಡೀ ಮಲಗಿ ಎದ್ದರೆ ಉಸಿರು, ಬೆವರಿನಿಂದ ಒಂದು ಲೀಟರಿನಷ್ಟು. ಯಂತ್ರದಲ್ಲಿ ಹಿಂಡಿದ ಬಟ್ಟೆಯ ಒಂದು ಸಾಲನ್ನು ಒಳಗೆ ಹರವಿದರೆ ಇನ್ನೂ ಎರಡು ಮೂರು ಲೀಟರ್. ಇಷ್ಟು ನೀರು ಒಳಗೇ ಹುಟ್ಟುವಾಗ ಮೂಲೆಯಲ್ಲಿ ಒಂದು ಬಟ್ಟಲು ಇದ್ದಿಲು ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಮಾಡಬೇಕಾದ್ದು ಇಷ್ಟು. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ, ಅಡುಗೆಮನೆಯ ಒಳಬಾಗಿಲು ಮುಚ್ಚಿ ಹೊರಗಿನ ಕಿಟಕಿ ತೆರೆದಿರಲಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಲೆ ಆರಿಸಿದ ಮೇಲೂ ಹದಿನೈದು ನಿಮಿಷ ಓಡಲಿ. ಹೊರಗೆ ಕೊಳವೆ ಇಲ್ಲದೆ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಚಿಮಣಿ ಎಣ್ಣೆ ಹಿಡಿಯುತ್ತದೆಯೇ ಹೊರತು ಒಂದು ಹನಿ ಆವಿಯನ್ನೂ ಹೊರಹಾಕುವುದಿಲ್ಲ. ಸ್ನಾನವಾದ ಮೇಲೆ ಬಚ್ಚಲಿನ ಗೋಡೆ, ನೆಲದ ನೀರನ್ನು ವೈಪರಿನಿಂದ ಎಳೆದುಬಿಟ್ಟರೆ ಆವಿಯಾಗಬೇಕಾದ ನೀರಿನ ಬಹುಪಾಲು ಚರಂಡಿಗೆ ಹೋಗುತ್ತದೆ. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಬಟ್ಟೆಯದೇ ದೊಡ್ಡ ತಲೆನೋವು. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟುವುದನ್ನು ನಿಲ್ಲಿಸಿ. ಮಾಡು ಇರುವ ಜಗಲಿ, ಕಾರು ನಿಲ್ಲಿಸುವ ಶೆಡ್ಡು, ತಾರಸಿಯ ಮೇಲಿನ ತಗಡಿನ ಛಾವಣಿಯ ಅಡಿ, ಎಲ್ಲಿ ಗಾಳಿ ಬೀಸುತ್ತದೋ ಅಲ್ಲಿ ಮೊದಲ ದಿನ ನೀರು ಆರಲಿ. ಕೊನೆಯ ತೇವವನ್ನು ಮಾತ್ರ ಒಳಗೆ ತನ್ನಿ. ಹಂಡೆಯ ಒಲೆಯಿರುವ ಬಚ್ಚಲುಮನೆ ಸಿಕ್ಕಿದ್ದರೆ ನೀವು ಅದೃಷ್ಟವಂತರು. ಬೆಳಗಿನ ಸ್ನಾನ ಮುಗಿದ ಮೇಲೆ ಒಲೆಯ ಬಿಸಿಗೆ, ಹೊಗೆಗಿಂಡಿ ತೆರೆದಿಟ್ಟು, ದೂರದಲ್ಲಿ ಬಟ್ಟೆ ಹರವಬಹುದು. ಅದೂ ಇಲ್ಲದವರು ಒಂದು ಕೋಣೆಯನ್ನು ಬಟ್ಟೆಗೆಂದೇ ಬಿಟ್ಟು, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಲಿ. ದಪ್ಪ ಜೀನ್ಸ್, ಟರ್ಕಿ ಟವೆಲ್‌ಗಳನ್ನು ಮಳೆಗಾಲದಲ್ಲಿ ಮೂಟೆ ಕಟ್ಟಿಟ್ಟು ತೆಳು ಬಟ್ಟೆ ಬಳಸುವುದು ಎಲ್ಲಕ್ಕಿಂತ ಸುಲಭ.

ಕಿಟಕಿ ಯಾವಾಗ ತೆರೆಯಬೇಕು

ಹೊರಗಿನ ತೇವಾಂಶ 95 ಇರುವಾಗ ಕಿಟಕಿ ತೆರೆದು ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಉಷ್ಣತೆಯಲ್ಲಿದೆ. 19 ಡಿಗ್ರಿಯಲ್ಲಿ ಶೇಕಡಾ 95 ಇರುವ ಗಾಳಿ ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ಅದೇ ಗಾಳಿಯ ತೇವಾಂಶ ಸುಮಾರು 70ಕ್ಕೆ ಇಳಿಯುತ್ತದೆ. ಬೆಚ್ಚನೆಯ ಗಾಳಿ ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಹೀಗಾಗಿ ಒಳಗೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೆ ಮಳೆಗಾಲದಲ್ಲೂ ಗಾಳಿ ಬದಲಿಸುವುದರಿಂದ ಲಾಭವಿದೆ. ಒಳಗೂ ಹೊರಗೂ ಒಂದೇ ಚಳಿಯಾಗಿದ್ದರೆ ಲಾಭವಿಲ್ಲ.

ಇದರಿಂದ ಹೊರಡುವ ಪದ್ಧತಿ ಹೀಗೆ: ಬೆಳಗ್ಗೆ ಎದ್ದು ಹಾಸಿಗೆ ಸುತ್ತಿಡುವ ಮೊದಲು ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದು, ರಾತ್ರಿಯ ಉಸಿರಿನ ಗಾಳಿ ಹೊರಹೋದ ಮೇಲೆ ಮುಚ್ಚಿ. ಮಧ್ಯಾಹ್ನ ಮಳೆ ಹೊಳವಾದಾಗ ಇನ್ನೊಮ್ಮೆ. ಸಂಜೆ ಮಂಜು ಇಳಿಯುವ ಮೊದಲು ಎಲ್ಲ ಮುಚ್ಚಿ. ದಿನವಿಡೀ ಒಂದು ಕಿಟಕಿಯನ್ನು ಅರೆಬರೆ ತೆರೆದಿಡುವುದರಿಂದ ಗೋಡೆ ತಣ್ಣಗಾಗುತ್ತದೆಯೇ ಹೊರತು ಗಾಳಿ ಸರಿಯಾಗಿ ಬದಲಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಹೊತ್ತಿದೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ನಂತರ, ಏಪ್ರಿಲ್ ಮೇ ತಿಂಗಳ ಬೆಚ್ಚನೆಯ ತೇವದ ಗಾಳಿ ತಣ್ಣನೆಯ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲಕ್ಕೆ ತಗಲಿ ನೆಲವೇ ಬೆವರುತ್ತದೆ. ಆಗ ಒರೆಸಿ ಒರೆಸಿ ಕಿಟಕಿ ತೆರೆದರೆ ಇನ್ನಷ್ಟು ಬೆವರುತ್ತದೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಯಾವ ಲೆಕ್ಕಾಚಾರವೂ ಬೇಡ, ಹಗಲಿಡೀ ತೆರೆದಿಡಿ. ಹಾಸಿಗೆ, ದಿಂಬು, ಕಂಬಳಿ ಎಲ್ಲವೂ ಅಂಗಳದ ಬಿಸಿಲಿಗೆ ಬರಲಿ.

ಒಂದು ಕೋಣೆಯನ್ನು ಗೆಲ್ಲುವುದು

ಮನೆಯ ಒಣ ಕೋಣೆ ಯಾವುದೆಂದು ಮಾಪಕ ಹೇಳುತ್ತದೆ. ಸಾಮಾನ್ಯವಾಗಿ ಅದು ಬರೆಯಿಂದ ದೂರದ, ಇರಿಚಲು ತಾಗದ, ಅಡುಗೆಮನೆಗೆ ಅಂಟಿಕೊಂಡ ಕೋಣೆ. ಮಕ್ಕಳು, ವಯಸ್ಸಾದವರು, ಉಬ್ಬಸದವರು ಮಲಗುವುದು ಅಲ್ಲಿಯೇ ಆಗಲಿ. ಬೆಲೆಬಾಳುವ ಬಟ್ಟೆ, ದಾಖಲೆಪತ್ರಗಳೂ ಅಲ್ಲಿಗೇ. ಮುಂಬಾಗಿಲ ಪಕ್ಕದ ದೊಡ್ಡ ಹಾಲ್ ಚೆನ್ನಾಗಿ ಕಾಣಲಿ ಎಂಬ ಆಸೆಯನ್ನು ನಾಲ್ಕು ತಿಂಗಳು ಬಿಟ್ಟುಬಿಡಿ.

ಬೀರುವನ್ನು ಹೊರಗೋಡೆಗೆ ಒರಗಿಸಬೇಡಿ. ಒಳಗೋಡೆಯ ಪಕ್ಕ, ಅಂಗೈ ಅಗಲ ಬಿಟ್ಟು, ಇಟ್ಟಿಗೆ ಅಥವಾ ಮರದ ತುಂಡುಗಳ ಮೇಲೆ ನಿಲ್ಲಿಸಿ. ಮಂಚಕ್ಕೂ ಇದೇ ನಿಯಮ. ನೆಲದ ಮೇಲೆ ಹಾಸಿಗೆ ಹಾಕಿ ಮಲಗುವವರು ಬೆಳಗ್ಗೆ ಅದನ್ನು ಎತ್ತಿ ನಿಲ್ಲಿಸದಿದ್ದರೆ ಎರಡೇ ವಾರದಲ್ಲಿ ಅಡಿಮೈ ಕಪ್ಪಾಗುತ್ತದೆ.

ಬೀರುವಿನೊಳಗೆ ಹಳೆಯ ಕಾಲದ ತಂತಿ ಬಲ್ಬು ಉರಿಸುವ ಉಪಾಯ ನಮ್ಮ ಕಡೆ ಬಹಳ ದಿನಗಳಿಂದ ಇದೆ, ಮತ್ತು ಅದು ವೈಜ್ಞಾನಿಕವಾಗಿಯೂ ಸರಿ: ಎರಡು ಮೂರು ಡಿಗ್ರಿ ಬಿಸಿಯಾದರೆ ಒಳಗಿನ ತೇವಾಂಶ ಹತ್ತಕ್ಕೂ ಹೆಚ್ಚು ಅಂಕ ಇಳಿಯುತ್ತದೆ. 15 ವಾಟ್‌ನ ಬಲ್ಬು ಸಾಕು, ಸುತ್ತ ತಂತಿಯ ಬಲೆ ಇರಲಿ, ಬಟ್ಟೆ ಒಂದು ಅಡಿ ದೂರವಿರಲಿ. ಬಟ್ಟೆ ತುಂಬಿ ತುಳುಕುವ ಬೀರುವಿನಲ್ಲಿ ಇದನ್ನು ಮಾಡಲೇಬೇಡಿ, ಬೆಂಕಿಯ ಅಪಾಯ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನವಿಲ್ಲ, ಅದು ಬಿಸಿಯಾಗುವುದೇ ಇಲ್ಲ ಎನ್ನಬಹುದು.

ತೇವ ಹೀರುವ ಪೊಟ್ಟಣಗಳ ಬಗ್ಗೆ ಅಂಗಡಿಯವರ ಮಾತನ್ನು ಅರ್ಧ ನಂಬಿ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿ ನಿಜವಾಗಿಯೂ ನೀರು ಹಿಡಿಯುತ್ತದೆ, ಆದರೆ ಒಟ್ಟು ಕೆಲವು ನೂರು ಮಿಲಿಲೀಟರ್ ಮಾತ್ರ. ಮುಚ್ಚಿದ ಬೀರುವಿಗೆ ಅದು ಸರಿ, ತೆರೆದ ಕೋಣೆಗೆ ಲೆಕ್ಕಕ್ಕೇ ಬಾರದು. ಬಟ್ಟಲಲ್ಲಿ ಕಲ್ಲುಪ್ಪು ಇಡುವವರಿದ್ದಾರೆ. ಉಪ್ಪು ನೀರು ಹಿಡಿಯಲು ಆರಂಭಿಸುವುದೇ ತೇವಾಂಶ 75 ದಾಟಿದ ಮೇಲೆ, ಅಷ್ಟರಲ್ಲಿ ಬೂಷ್ಟಿಗೆ ಬಾಗಿಲು ತೆರೆದಿರುತ್ತದೆ. ಕ್ಯಾಮೆರಾ, ಪದವಿ ಪ್ರಮಾಣಪತ್ರ, ಪಾಸ್‌ಪೋರ್ಟ್‌ಗಳಿಗೆ ರಬ್ಬರ್ ಅಂಚಿನ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು.

ನುಸಿಗುಳಿಗೆ ನುಸಿಯನ್ನು ಓಡಿಸುತ್ತದೆ, ತೇವವನ್ನಲ್ಲ. ಹಸುಗೂಸಿನ ಬಟ್ಟೆಯ ನಡುವೆ ನ್ಯಾಫ್ತಲೀನ್ ಇಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಆ ಕೊರತೆ ಇರುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಇನ್ನು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯಿಂದ ನೀರು ಹಿಂಡುವ ಯಂತ್ರ. ಕೈಯಲ್ಲಿ ದುಡ್ಡಿದ್ದು ಒಂದೇ ಒಂದು ಯಂತ್ರ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಬಾಡಿಗೆದಾರನಿಗೆ ಇದರ ದೊಡ್ಡ ಗುಣವೆಂದರೆ ಮನೆ ಬದಲಿಸಿದರೆ ಅದೂ ಜೊತೆಗೆ ಬರುತ್ತದೆ. ಡಬ್ಬಿಯ ಮೇಲೆ ದಿನಕ್ಕೆ 12 ಲೀಟರ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, ಶೇಕಡಾ 80ರ ಲೆಕ್ಕ. ನಮ್ಮ 20 ಡಿಗ್ರಿಯ ಮಳೆಗಾಲದಲ್ಲಿ ಅರ್ಧದಷ್ಟು ಸಿಕ್ಕರೆ ತೃಪ್ತಿಪಡಿ. ಅಂಗೈಯಗಲದ, ಕಂಪ್ರೆಸರ್ ಇಲ್ಲದ ಅಗ್ಗದ ಯಂತ್ರಗಳು ಆಟಿಕೆಗಳು. ಇದನ್ನು ಓಡಿಸುವಾಗ ಆ ಕೋಣೆಯ ಕಿಟಕಿ, ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಗುಡ್ಡದ ಮಂಜನ್ನೆಲ್ಲ ಒಣಗಿಸಲು ಹೊರಟಂತೆ. ಅದು ಹೊರಬಿಡುವ ಬಿಸಿ ಗಾಳಿಯೂ ಇಲ್ಲಿ ಲಾಭವೇ. ಬೆಳಗ್ಗೆ ಟ್ಯಾಂಕಿನಲ್ಲಿ ಸಿಕ್ಕ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ನೆಲ ಒರೆಸಲು ಆಗುತ್ತದೆ. ವಿದ್ಯುತ್ ಹೋಗಿ ಬರುವ ಊರಿನಲ್ಲಿ, ಕರೆಂಟ್ ಬಂದಾಗ ತಾನೇ ಮತ್ತೆ ಚಾಲೂ ಆಗುವ ಮಾದರಿ ನೋಡಿಕೊಳ್ಳಿ.

ಏರ್ ಪ್ಯೂರಿಫೈಯರ್ ಬೇರೆ ಕೆಲಸದ ಯಂತ್ರ. ಹೆಪಾ ಫಿಲ್ಟರ್ ಇರುವುದು ಬೂಷ್ಟಿನ ಕಣ, ದೂಳು, ಹೊಗೆಯನ್ನು ಹಿಡಿಯುತ್ತದೆ, ನೀರನ್ನು ಮುಟ್ಟುವುದಿಲ್ಲ. ಓಜೋನ್ ಬಿಡುವ ಯಂತ್ರವನ್ನು ಯಾರು ಹೊಗಳಿದರೂ ಒಳಗೆ ಬಿಟ್ಟುಕೊಳ್ಳಬೇಡಿ, ಶ್ವಾಸಕೋಶಕ್ಕೆ ಅದು ಶತ್ರು.

ಬಂದ ಬೂಷ್ಟನ್ನು ತೆಗೆಯುವುದು

ಒಟ್ಟು ಜಾಗ ಹತ್ತು ಚದರಡಿಯ ಒಳಗಿದ್ದರೆ ನೀವೇ ತೆಗೆಯಬಹುದು. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಮನೆಯಲ್ಲಿ ಉಬ್ಬಸದವರಿದ್ದರೆ, ಫೋಟೊ ತೆಗೆದು ಮಾಲೀಕರನ್ನು ಕರೆಯಿರಿ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದೇ ವಿಷಯಕ್ಕೆ ಹೊರತಂದ ಮಾರ್ಗಸೂಚಿಯಲ್ಲಿ ಹೇಳಿದೆ. ಹೀಗಾಗಿ ಇದು ಬರಿಯ ಅಂದಚೆಂದದ ದೂರಲ್ಲ.

1. ಎನ್95 ಮುಖಗವಸು, ರಬ್ಬರ್ ಕೈಗವಸು ಹಾಕಿ. ಮಕ್ಕಳನ್ನು ಬೇರೆ ಕೋಣೆಗೆ ಕಳುಹಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ.
2. ಒಣ ಪೊರಕೆ, ಒಣ ಬ್ರಷ್ ಮುಟ್ಟಬೇಡಿ, ಕಣಗಳು ಮನೆಯೆಲ್ಲ ಹರಡುತ್ತವೆ. ಮೊದಲು ಸೋಪಿನ ನೀರು ಸಿಂಪಡಿಸಿ ಒದ್ದೆ ಮಾಡಿ.
3. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.
4. ಟೈಲ್ಸ್, ಗಾಜು, ಸಿಂಕಿನಂಥ ಗಟ್ಟಿ ಮೈಗೆ ಬ್ಲೀಚ್ ನೀರು ಸರಿ. ಬಣ್ಣ ಬಳಿದ ಗಾರೆ, ಮರಕ್ಕೆ ಅದು ಬೇಡ. ಬಿಳಿ ವಿನೆಗರ್ ಹಚ್ಚಿ ಒಂದು ಗಂಟೆ ಬಿಟ್ಟು ಒರೆಸಿ.
5. ಬ್ಲೀಚನ್ನು ವಿನೆಗರ್ ಜೊತೆಗಾಗಲಿ, ಶೌಚಾಲಯ ತೊಳೆಯುವ ಆಸಿಡ್ ಜೊತೆಗಾಗಲಿ ಎಂದೂ ಬೆರೆಸಬೇಡಿ. ಏಳುವುದು ಕ್ಲೋರಿನ್ ವಿಷಾನಿಲ.
6. ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಇದನ್ನು ಬಿಟ್ಟರೆ ಮೇಲಿನ ಐದೂ ವ್ಯರ್ಥ.

ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಒಂದು ತಿಂಗಳು ಕಣ್ಣಿಗೆ ಹಿತ, ಆಮೇಲೆ ಚಕ್ಕೆ ಎದ್ದು ಬೀಳುತ್ತದೆ. ಒಸರುವ ಗೋಡೆಗೆ ಒಳಗಿನಿಂದ ಪ್ಲಾಸ್ಟಿಕ್ ಬಣ್ಣ ಬಳಿಸುವುದು ನೀರನ್ನು ಗೋಡೆಯೊಳಗೇ ಕೂಡಿಹಾಕುವ ಕೆಲಸ. ಹಳೆಯ ಮಣ್ಣು, ಇಟ್ಟಿಗೆ ಗೋಡೆಗಳಿಗೆ ಸುಣ್ಣವೇ ಇಂದಿಗೂ ಉತ್ತಮ: ಗೋಡೆಯ ತೇವ ಹೊರಹೋಗಲು ಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೆಳೆಯಲು ಹೆಣಗುತ್ತದೆ.

ಹೊಗೆ, ಕೆಂಡ, ಗೀಸರ್

ತೇವದ ಭಯಕ್ಕೆ ನಾವು ಹುಡುಕುವ ಪರಿಹಾರಗಳೇ ಕೆಲವೊಮ್ಮೆ ತೇವಕ್ಕಿಂತ ಅಪಾಯಕಾರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದು, ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಾ ಪಕ್ಕದಲ್ಲೇ ಮಲಗುವುದು ಪ್ರಾಣಕ್ಕೆ ಕುತ್ತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಕೆಂಡ ಬೇಕಿದ್ದರೆ ಜಗಲಿಯಲ್ಲಿ ಇರಲಿ. ಕರೆಂಟ್ ಹೋದಾಗ ಜನರೇಟರನ್ನು ಮನೆಯೊಳಗಾಗಲಿ, ಕಿಟಕಿಯ ಕೆಳಗಾಗಲಿ ಓಡಿಸಬೇಡಿ.

ಬಾಡಿಗೆ ಮನೆಯ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಇದನ್ನು ಮೊದಲ ದಿನವೇ ಮಾಲೀಕರಿಗೆ ಹೇಳಿ: ಗೀಸರ್ ಹೊರಗಿರಬೇಕು, ಬಿಸಿನೀರು ಮಾತ್ರ ಒಳಗೆ ಬರಬೇಕು. ಚಳಿಗೆ ವೆಂಟಿಲೇಟರಿಗೆ ರಟ್ಟು ತುರುಕಿ ಸ್ನಾನ ಮಾಡುವ ಅಭ್ಯಾಸ ಇದ್ದರೆ ಇಂದೇ ರಟ್ಟು ತೆಗೆಯಿರಿ.

ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲವೂ ಸೂಕ್ಷ್ಮ ಕಣಗಳನ್ನೇ ಬಿಡುತ್ತವೆ. ಪಿಎಂ 2.5 ಎನ್ನುವ ಈ ಸೂಕ್ಷ್ಮ ಕಣಗಳಿಗೆ ದಿನದ ಸರಾಸರಿಯಾಗಿ ಭಾರತದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 15. ಕಾಫಿ ತೋಟದ ನಡುವಿನ ಶುದ್ಧ ಗಾಳಿಯ ಮನೆಯಲ್ಲಿ ಕೂತು, ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆಬತ್ತಿ ಉರಿಸಿ ಈ ಮಿತಿಗಳನ್ನೆಲ್ಲ ದಾಟಿಬಿಡಬಹುದು. ದೇವರ ಮುಂದಿನ ಒಂದು ಊದುಬತ್ತಿಗೆ ಯಾರೂ ಬೇಡವೆನ್ನುವುದಿಲ್ಲ. ಮುಗ್ಗಲು ಮುಚ್ಚಲೆಂದು ಸುಡುವ ಕಟ್ಟುಗಟ್ಟಲೆ ಬತ್ತಿಯ ಬಗ್ಗೆ ನನ್ನ ತಕರಾರು. ಸೊಳ್ಳೆಗೆ ಪರದೆ ಕಟ್ಟಿ.

ಒದ್ದೆ ಗೋಡೆಯ ಸ್ವಿಚ್ಚುಗಳನ್ನು ಮುಟ್ಟಿದಾಗ ಜುಮ್ಮೆಂದರೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಕರೆಂಟ್ ಸೋರಿದ ಕೂಡಲೇ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಮನೆಯಲ್ಲಿ ಇದೆಯೇ ಎಂದು ಅದೇ ಹೊತ್ತಿಗೆ ನೋಡಿಸಿ.

ಮಾಲೀಕರ ಬಳಿ ಮಾತು

ಗೋಡೆ ಒದ್ದೆಯಿರುವಾಗ ಕೇಳಿ, ಒಣಗಿದಾಗ ಮಾಡಿಸಿ. ಮಳೆಯ ನಡುವೆ ಹೊರಗೋಡೆಯ ಕೆಲಸ ಆಗುವುದಿಲ್ಲ, ಒಣಗಿದ ಮೇಲೆ ಕೇಳಿದರೆ ಕಲೆಯೇ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಕಲೆಯ ಪಕ್ಕ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಯಿರಿ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ, ಮಾಪಕದ ಅಂಕಿಯ ಫೋಟೊ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಬಾಯಿಮಾತಿನಲ್ಲಿ ವಿನಯವಿರಲಿ, ಬರಹದಲ್ಲಿ ತಾರೀಖು ಇರಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದ ಮಾಲೀಕರು ಕಾಫಿ ಕೊಯ್ಲಿನಲ್ಲಿ ಮುಳುಗಿರುತ್ತಾರೆ, ಕೆಲಸದವರೂ ಸಿಗುವುದಿಲ್ಲ. ಅಕ್ಟೋಬರ್‌ನಲ್ಲೇ ಒಪ್ಪಿಸಿ, ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನೊಳಗೆ ಮುಗಿಸಿಕೊಡಲು ಕೇಳಿ.

ಏನನ್ನು ಕೇಳಬೇಕು ಎಂಬುದರಲ್ಲಿ ಕ್ರಮವಿದೆ. ಮೊದಲು ಮನೆಯ ಮಾಡು: ಒಡೆದ ಹೆಂಚು, ಎಲೆ ತುಂಬಿದ ದಂಬೆ (ಸೂರಿನ ನೀರು ಹರಿಯುವ ದೋಣಿ). ಆಮೇಲೆ ಮನೆಯ ಸುತ್ತಲ ಚರಂಡಿ. ಅಂಗಳದ ಮಣ್ಣು ಮನೆಯ ನೆಲಕ್ಕಿಂತ ಎತ್ತರವಾಗಿದ್ದರೆ ಅದನ್ನು ಕೆತ್ತಿಸುವುದು. ನಂತರ ಹೊರಗೋಡೆಯ ಬಿರುಕು, ನೈರುತ್ಯದ ಕಡೆ ತಗಡು ಮುಂದಕ್ಕೆ ಚಾಚುವುದು ಅಥವಾ ಟಾರ್ಪಾಲು. ಕೊನೆಗೆ ಬಚ್ಚಲಿಗೆ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್. ಒಳಗಿನ ಬಣ್ಣ ಇವೆಲ್ಲದರ ನಂತರ. ಮಾಲೀಕರು ಸಾಮಾನ್ಯವಾಗಿ ಈ ಪಟ್ಟಿಯನ್ನು ಕೆಳಗಿನಿಂದ ಶುರು ಮಾಡಲು ಬಯಸುತ್ತಾರೆ. ಫ್ಯಾನ್ ನಾನು ತರುತ್ತೇನೆ, ಗೋಡೆ ಕೊರೆಸಿ ಕೂರಿಸುವ ಖರ್ಚು ನಿಮ್ಮದು ಎಂಬಂಥ ಒಪ್ಪಂದ ಬೇಗ ಕುದುರುತ್ತದೆ.

ಕಾನೂನು ಸ್ವಲ್ಪ ಗೊತ್ತಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ತನಗೆ ತಿಳಿದಿದ್ದು ಬಾಡಿಗೆದಾರನಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಾಣದಂಥ ದೊಡ್ಡ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ನಂತರವೂ ಸಮಂಜಸ ಅವಧಿಯಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲಿ ಸೂಕ್ಷ್ಮವಿರುವುದು ‘ಮಾಡಿಸಬೇಕಾದ’ ಎಂಬಲ್ಲಿ: ಆ ಹೊಣೆ ಯಾರದೆಂದು ಕರಾರಿನಲ್ಲಿ ಬರೆದಿರದಿದ್ದರೆ ವಾದ ಕಟ್ಟುವುದು ಕಷ್ಟ. ಆದ್ದರಿಂದ ಕರಾರು ಬರೆಸುವಾಗಲೇ ಮಾಡು, ಹೊರಗೋಡೆ, ಪೈಪು, ಚರಂಡಿಯ ದುರಸ್ತಿ ಮತ್ತು ಮಳೆಗಾಲದ ಟಾರ್ಪಾಲು ಮಾಲೀಕರ ಹೊಣೆ ಎಂದು ಒಂದು ಸಾಲು ಸೇರಿಸಿ. ಖರ್ಚು ಮುರಿದುಕೊಳ್ಳುವ ಹೆಜ್ಜೆ ಇಡುವ ಮೊದಲು ವಕೀಲರೊಬ್ಬರನ್ನು ಕೇಳಿ.

ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಹಿಡಿಯುವುದು ಎಲ್ಲ ಕಡೆಯ ರೂಢಿ. ಅದೇ ಸೆಕ್ಷನ್ ಸಹಜ ಸವಕಳಿಯನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ. ಬಂದ ದಿನ ತೆಗೆದ ಪ್ರತಿ ಗೋಡೆಯ ಫೋಟೊ, ಮಳೆಗಾಲದಲ್ಲಿ ಕಳುಹಿಸಿದ ಸಂದೇಶಗಳು, ಬಿಡುವ ದಿನದ ಫೋಟೊ, ಮೂರನ್ನೂ ಒಟ್ಟಿಗೆ ತೋರಿಸಿ ಮಾತಾಡಿ. ಸಾಧ್ಯವಿದ್ದರೆ ಮನೆ ಬಿಡುವ ತಿಂಗಳನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ. ಒಣಗಿದ ಗೋಡೆಯ ಮುಂದೆ ಲೆಕ್ಕ ಬೇಗ ಮುಗಿಯುತ್ತದೆ. ಆದರೆ ಆಗ ನೋಡುವ ಹೊಸ ಮನೆಯ ಗೋಡೆಯೂ ಒಣಗಿಯೇ ಇರುತ್ತದೆ, ಕಪಾಟಿನೊಳಗೆ ತಲೆ ಹಾಕಿ ಮೂಸುವುದನ್ನು ಬಿಡಬೇಡಿ.